ಸರಾಪಿಸನ ಊಟಕ್ಕೆ ಕರೆ ಬಂದರೆ: ಪೌಲನ ಒಂದು ಪತ್ರವನ್ನು ಓದುವ ಬಗೆ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಚೀಟಿ ಓದುತ್ತೇನೆ. "ನಾಳೆ, ಅಂದರೆ 15ನೇ ತಾರೀಕು, ಒಂಬತ್ತನೇ ತಾಸಿಗೆ, ಸರಾಪಿಸನ ಗುಡಿಯಲ್ಲಿ, ಒಡೆಯ ಸರಾಪಿಸನ ಪಂಕ್ತಿಗೆ ಊಟಕ್ಕೆ ಬರಬೇಕೆಂದು ಖೈರೆಮೋನ್ ಕರೆಯುತ್ತಾನೆ." ಇಷ್ಟೇ. ಸರಾಪಿಸ್ ಅಂದರೆ ಆಗಿನ ಈಜಿಪ್ಟಿನವರೂ ಗ್ರೀಕರೂ ಪೂಜಿಸುತ್ತಿದ್ದ ಒಬ್ಬ ದೇವರು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬದಲ್ಲಿ ಸಿಕ್ಕಿದ ಪಪೈರಸ್ ತುಂಡು ಇದು. ಕ್ರಿ.ಶ. 2ನೇ ಶತಮಾನದ್ದು. ತಾಸಿನ ಲೆಕ್ಕ ಸೂರ್ಯ ಹುಟ್ಟಿದಾಗಿನಿಂದ, ಹಾಗಾಗಿ ನಮ್ಮ ಮಧ್ಯಾಹ್ನ ಮೂರು ಗಂಟೆ ಅಂದುಕೊಳ್ಳಿ.

ಆಕ್ಸಿರಿಂಕಸ್ ಎಂದ ಕೂಡಲೇ ಇಲ್ಲಿ ಕೆಲವರ ಕಿವಿ ನೆಟ್ಟಗಾಗಿರಬೇಕು. ಹೌದು, ಅದೇ ದಿಬ್ಬ. ಭಾರತದ ಕರಾವಳಿಯಲ್ಲಿ ನಡೆಯುವ ಕಥೆಯ ಒಂದು ಗ್ರೀಕ್ ಪ್ರಹಸನ ಸಿಕ್ಕಿದ್ದೂ ಅಲ್ಲೇ. ಅದರಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಹೇಳಿದರು. ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ಅದು ಕನ್ನಡವೋ ಅಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಇವತ್ತು ಅದು ಬೇಡ. ನನಗೆ ಬೇಕಾಗಿರುವುದು ಈ ಊಟದ ಚೀಟಿ.

ಈಗ ನೀವು ಗ್ರೀಸಿನ ಕೊರಿಂಥ ಎಂಬ ಊರಿನಲ್ಲಿ ಇದ್ದೀರಿ ಅಂದುಕೊಳ್ಳಿ. ವರ್ಷ ಸುಮಾರು 54. ಎರಡು ಮೂರು ವರ್ಷದ ಹಿಂದೆ ಪೌಲ ಎಂಬ ಯೆಹೂದ್ಯನ ಮಾತು ಕೇಳಿ ಯೇಸುವನ್ನು ನಂಬಿದ್ದೀರಿ. ಇಂಥದ್ದೇ ಒಂದು ಚೀಟಿ ಬರುತ್ತದೆ. ಕರೆದವನು ನಿಮ್ಮ ಹಳೆಯ ಗೆಳೆಯ. ಅಥವಾ ನಿಮಗೆ ಕೆಲಸ ಕೊಡುವ ಧಣಿ. ಹೋಗುತ್ತೀರಾ?

ಹೋಗದಿದ್ದರೆ ಬರೀ ಊಟ ತಪ್ಪುವುದಲ್ಲ. ಕೊರಿಂಥದಂಥ ಊರಿನಲ್ಲಿ ಯಾರ ಪಕ್ಕ ಯಾರು ಕೂತು ಉಣ್ಣುತ್ತಾರೆ ಎಂಬುದರ ಮೇಲೆ ಬಾಳು ನಿಂತಿತ್ತು. ಹಳೆಯ ಗ್ರೀಕ್ ಕೊರಿಂಥವನ್ನು ಕ್ರಿ.ಪೂ. 146ರಲ್ಲಿ ರೋಮನ್ನರು ಹಾಳುಗೆಡವಿದ್ದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನು ರೋಮನ್ ವಸಾಹತಾಗಿ ಮತ್ತೆ ಕಟ್ಟಿಸಿದ. ಅಲ್ಲಿಗೆ ಬಂದು ನೆಲೆಸಿದವರಲ್ಲಿ ಬಿಡುಗಡೆ ಪಡೆದ ಗುಲಾಮರೇ ಜಾಸ್ತಿ. ಎರಡು ಕಡೆ ಎರಡು ಬಂದರು. ಹಳೆಯ ಮನೆತನಗಳ ಹಿಡಿತ ಕಡಿಮೆ. ದುಡ್ಡಿದ್ದವನು ಮೇಲೆ ಬರಬಹುದಾದ ಊರು. ಅಂಥ ಊರಿನಲ್ಲಿ ಊಟದ ಕರೆ ಅಂದರೆ ಏಣಿಯ ಒಂದು ಮೆಟ್ಟಿಲು. ಅಲ್ಲಿನ ಬೆಟ್ಟದ ದಾರಿಯಲ್ಲಿ ಸರಾಪಿಸನ ಎರಡು ಗುಡಿಗಳಿದ್ದವೆಂದು 2ನೇ ಶತಮಾನದ ಪ್ರವಾಸಿ ಪೌಸಾನಿಯಸ್ ಬರೆದಿದ್ದಾನೆ. ವೈದ್ಯದೇವ ಆಸ್ಕ್ಲೇಪಿಯಸ್‌ನ ಗುಡಿಯ ಬಳಿ ಊಟದ ಕೋಣೆಗಳು ಅಗೆತದಲ್ಲಿ ಸಿಕ್ಕಿವೆ. ಗೋಡೆಯ ಸುತ್ತ ಮಂಚಗಳು, ಏಕೆಂದರೆ ಅವರು ಒರಗಿಕೊಂಡು ಉಣ್ಣುತ್ತಿದ್ದರು. ಪೌಲನ ಕಾಲಕ್ಕೆ ಆ ಕೋಣೆಗಳು ಎಷ್ಟು ಬಳಕೆಯಲ್ಲಿದ್ದವು ಎಂಬುದರ ಬಗ್ಗೆ ಚರ್ಚೆ ಇದೆ. ಆದರೆ ಗುಡಿ ಅಂದರೆ ಊಟದ ಜಾಗವೂ ಹೌದು ಎಂಬುದರಲ್ಲಿ ಅನುಮಾನವಿಲ್ಲ.

ಈ ಪ್ರಶ್ನೆಯನ್ನು ಕೊರಿಂಥದವರು ಪೌಲನಿಗೆ ಬರೆದು ಕೇಳಿದರು. ಅವನು ಆಗ ಎಫೆಸದಲ್ಲಿದ್ದ. ಅವನ ಉತ್ತರವೇ ಬೈಬಲಿನಲ್ಲಿರುವ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 8ರಿಂದ 10ನೇ ಅಧ್ಯಾಯ. ಅಂದ ಹಾಗೆ ಅದು ನಿಜಕ್ಕೂ ಮೊದಲನೆಯದಲ್ಲ. ಅದಕ್ಕೂ ಮುಂಚೆ ಒಂದು ಪತ್ರ ಬರೆದಿದ್ದೆ ಎಂದು 5ನೇ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ. ಆ ಪತ್ರ ನಮಗೆ ಸಿಕ್ಕಿಲ್ಲ. ಕೊರಿಂಥದವರು ಬರೆದದ್ದೂ ಸಿಕ್ಕಿಲ್ಲ.

ಪತ್ರ ಅಂದೆ. ಇದು ಪತ್ರ ಎಂಬುದನ್ನೇ ನಾವು ಮರೆಯುತ್ತೇವೆ. ನಮ್ಮ ಹಿರಿಯರ ಪತ್ರಗಳು ನಿಮ್ಮ ಮನೆಯ ಟ್ರಂಕಿನಲ್ಲೂ ಇರಬಹುದು. "ತೀರ್ಥರೂಪರವರಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ." ಇದನ್ನು ಯಾರೂ ಅರ್ಥ ಮಾಡಿಕೊಂಡು ಬರೆಯುತ್ತಿರಲಿಲ್ಲ, ಕೈ ತಾನಾಗಿಯೇ ಬರೆಯುತ್ತಿತ್ತು. ಆದರೆ ಮಗ ಒಂದು ಸಲ ಆ ಸಾಲು ಬಿಟ್ಟು ನೇರ ವಿಷಯಕ್ಕೆ ಬಂದನೋ, ಓದುವ ಅಪ್ಪನಿಗೆ ಎದೆ ಧಸಕ್ಕೆನ್ನುತ್ತಿತ್ತು. ಗ್ರೀಕ್ ಪತ್ರಕ್ಕೂ ಇಂಥ ಅಚ್ಚು ಇತ್ತು. "ಇಂಥವನು ಇಂಥವನಿಗೆ, ಖೈರೇನ್." ಖೈರೇನ್ ಅಂದರೆ ನಮಸ್ಕಾರ, ಸುಖವಾಗಿರು. ಪೌಲ ಅದನ್ನು ಸ್ವಲ್ಪ ತಿರುಚುತ್ತಾನೆ. ಖೈರೇನ್ ಜಾಗದಲ್ಲಿ ಖಾರಿಸ್, ಅಂದರೆ ಕೃಪೆ. ಅದರ ಪಕ್ಕದಲ್ಲೇ ಶಾಂತಿ, ಯೆಹೂದ್ಯರ ಶಾಲೋಮ್. ಗ್ರೀಕ್ ಅಚ್ಚು, ಯೆಹೂದ್ಯ ಹಿಟ್ಟು. ಕೇಳುವವರ ಕಿವಿಗೆ ಎರಡೂ ಬೀಳುತ್ತಿತ್ತು. ಇನ್ನು ಗಲಾತ್ಯದವರಿಗೆ ಬರೆಯುವಾಗ, ನಮಸ್ಕಾರದ ನಂತರ ಎಂದಿನಂತೆ ದೇವರಿಗೆ ಸ್ತೋತ್ರ ಹೇಳುವುದನ್ನು ಬಿಟ್ಟು, "ನನಗೆ ಆಶ್ಚರ್ಯವಾಗುತ್ತದೆ" ಎಂದು ಶುರು ಮಾಡುತ್ತಾನೆ. ಅಚ್ಚು ಗೊತ್ತಿದ್ದವರಿಗೆ ಮಾತ್ರ ಅಲ್ಲಿನ ಸಿಟ್ಟು ಕಾಣುತ್ತದೆ.

ಇನ್ನೊಂದು ತೊಡಕು. ಆಗಿನ ಗ್ರೀಕ್ ಬರಹದಲ್ಲಿ ಉದ್ಧರಣ ಚಿಹ್ನೆ ಇರಲಿಲ್ಲ. "ನನಗೆ ಎಲ್ಲಕ್ಕೂ ಸ್ವಾತಂತ್ರ್ಯ ಇದೆ" ಎಂಬ ಮಾತು ಈ ಪತ್ರದಲ್ಲಿ ಮತ್ತೆ ಮತ್ತೆ ಬರುತ್ತದೆ. ನಾನು ಬಹಳ ವರ್ಷ ಅದನ್ನು ಪೌಲನ ಮಾತು ಎಂದೇ ಓದಿದ್ದೆ. ಆದರೆ ಪ್ರತಿ ಸಲವೂ ಹಿಂದೆಯೇ ಒಂದು "ಆದರೆ" ಬರುತ್ತದೆ. "ಆದರೆ ಎಲ್ಲವೂ ಹಿತವಲ್ಲ." ಅದು ಕೊರಿಂಥದವರ ಮಾತು, ಪೌಲ ಅವರಿಗೇ ವಾಪಸ್ ಓದಿ ಹೇಳುತ್ತಿದ್ದಾನೆ ಎಂದು ಇಂದಿನ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಜ್ಞಾನಿಯೊಬ್ಬನೇ ಸ್ವತಂತ್ರ ಎಂಬುದು ಸ್ಟೋಯಿಕ್ ತತ್ವಜ್ಞಾನಿಗಳ ಮಾತು. "ನಮ್ಮೆಲ್ಲರಿಗೆ ಜ್ಞಾನವುಂಟು" ಎಂದು 8ನೇ ಅಧ್ಯಾಯದಲ್ಲಿ ಬರುವುದೂ ಹೀಗೆ ಅವರದ್ದೇ.

ಈಗ ಮಾಂಸದ ಮಾತಿಗೆ ಬರೋಣ. ಗ್ರೀಕ್ ಬಲಿಯಲ್ಲಿ ದೇವರಿಗೆ ಸುಡುತ್ತಿದ್ದದ್ದು ತೊಡೆಯ ಮೂಳೆ, ಕೊಬ್ಬು. ಉಳಿದದ್ದನ್ನು ಜನ ಬೇಯಿಸಿ ಉಣ್ಣುತ್ತಿದ್ದರು. ಒಂದಿಷ್ಟು ಮಾರ್ಕೆಟ್ಟಿಗೂ ಹೋಗುತ್ತಿತ್ತು. ಅದಕ್ಕೆ ಗ್ರೀಕರ ಹೆಸರು ಹಿಯೆರೋಥೂಟೋನ್, ಅಂದರೆ ಪವಿತ್ರವಾಗಿ ಅರ್ಪಿಸಿದ್ದು. ಯೆಹೂದ್ಯರು ಇದೇ ಪದದ ತಲೆ ಕತ್ತರಿಸಿ ಬೇರೆ ತಲೆ ಇಟ್ಟರು. ಐಡೋಲೋಥೂಟೋನ್. ಬೊಂಬೆಗೆ ಅರ್ಪಿಸಿದ್ದು. ಅದು ಬೈಗುಳ. ಯಾವ ಗ್ರೀಕನೂ ತನ್ನ ಊಟವನ್ನು ಹಾಗೆ ಕರೆಯುವುದಿಲ್ಲ. ಆದರೆ ಯೆಹೂದ್ಯರಲ್ಲದ ಕೊರಿಂಥದವರಿಗೆ ಬರೆಯುವಾಗ ಪೌಲ ಸಲೀಸಾಗಿ ಬೈಗುಳದ ಪದವನ್ನೇ ಬಳಸುತ್ತಾನೆ. ಅಂದರೆ ಅವರು ಅಷ್ಟರಲ್ಲೇ ತಮ್ಮ ಅಜ್ಜ ಅಜ್ಜಿಯರ ಊಟವನ್ನು ಯೆಹೂದ್ಯರ ಕಣ್ಣಿಂದ ನೋಡುವುದನ್ನು ಕಲಿತಿದ್ದರು. ಇಡೀ ಪತ್ರದಲ್ಲಿ ಹಿಯೆರೋಥೂಟೋನ್ ಎಂಬ ಗ್ರೀಕರ ಪದ ಬರುವುದು ಒಂದೇ ಕಡೆ. ಅದನ್ನು ಕೊನೆಗೆ ಹೇಳುತ್ತೇನೆ.

ನಮ್ಮ ಕನ್ನಡ ಬೈಬಲ್ "ವಿಗ್ರಹಕ್ಕೆ ನೈವೇದ್ಯ" ಎನ್ನುತ್ತದೆ. ನನಗೆ ಈ ಅನುವಾದ ಇಷ್ಟ. ಅರ್ಧ ಬೈಗುಳ, ಅರ್ಧ ಗೌರವ. ನೈವೇದ್ಯ ಎಂದ ಕೂಡಲೇ ನಮಗೆ ಪಕ್ಕದ ಮನೆಯವರು ತಂದುಕೊಟ್ಟ ಪ್ರಸಾದದ ದೊನ್ನೆ ನೆನಪಾಗುತ್ತದೆ. ಹಾಗಾಗಿ ಈ ಮೂರು ಅಧ್ಯಾಯಗಳು ಯೂರೋಪಿನ ಓದುಗನಿಗಿಂತ ನಮಗೆ ಹತ್ತಿರ. ಹತ್ತಿರ ಎಂಬುದೇ ಅಪಾಯವೂ ಹೌದು, ಅಲ್ವಾ? ನಮ್ಮ ಪ್ರಸಾದವನ್ನು ಕೊರಿಂಥಕ್ಕೆ ಒಯ್ದು ಇಟ್ಟುಬಿಡುತ್ತೇವೆ.

ಪೌಲನ ಉತ್ತರದ ಮೊದಲ ಹೆಜ್ಜೆ ಪೂರ್ತಿ ಯೆಹೂದ್ಯ. "ಇಸ್ರಾಯೇಲೇ ಕೇಳು, ನಮ್ಮ ದೇವರಾದ ಯೆಹೋವ ಒಬ್ಬನೇ." ಹಳೇ ಒಡಂಬಡಿಕೆಯ ಧರ್ಮೋಪದೇಶಕಾಂಡದ ಈ ಮಾತನ್ನು ಭಕ್ತ ಯೆಹೂದ್ಯ ದಿನವೂ ಹೇಳುತ್ತಾನೆ. ಗ್ರೀಕ್ ಅನುವಾದದಲ್ಲಿ ಯೆಹೋವ ಎಂಬಲ್ಲಿ ಕೂರಿಯೊಸ್, ಒಡೆಯ, ಎಂದಿದೆ. ಪೌಲ ಆ ಒಂದು ವಾಕ್ಯದ ಪದಗಳನ್ನು ಬಿಡಿಸಿ ಎರಡು ಕಡೆ ಹಂಚುತ್ತಾನೆ. ನಮಗೆ ಒಬ್ಬನೇ ದೇವರು, ತಂದೆ. ಒಬ್ಬನೇ ಕೂರಿಯೊಸ್, ಯೇಸು ಕ್ರಿಸ್ತ. ಯೆಹೂದ್ಯನೊಬ್ಬ ಹೀಗೆ ಬರೆದದ್ದು ಎಷ್ಟು ದೊಡ್ಡ ಮಾತು ಎಂಬುದು ಕನ್ನಡದಲ್ಲಿ ಕಾಣುವುದೇ ಇಲ್ಲ. ಏಕೆಂದರೆ ನಮ್ಮ ಹಳೆಯ ಅನುವಾದದಲ್ಲಿ ಹಳೇ ಒಡಂಬಡಿಕೆ ಪೂರ್ತಿ "ಯೆಹೋವ", ಹೊಸ ಒಡಂಬಡಿಕೆ ಪೂರ್ತಿ "ಕರ್ತ". ನಡುವಿನ ಗ್ರೀಕ್ ಸೇತುವೆ ಮಾಯವಾಗಿದೆ.

ಅದೇ ವಾಕ್ಯದಲ್ಲಿ ಇನ್ನೊಂದು ದನಿಯೂ ಇದೆ. ತಂದೆ"ಯಿಂದ" ಎಲ್ಲವೂ, ಕ್ರಿಸ್ತನ "ಮೂಲಕ" ಎಲ್ಲವೂ. ಯಾವುದರಿಂದ, ಯಾವುದರ ಮೂಲಕ, ಯಾವುದಕ್ಕಾಗಿ ಎಂದು ಜಗತ್ತಿನ ಕಾರಣಗಳನ್ನು ವಿಂಗಡಿಸುವುದು ಗ್ರೀಕ್ ತತ್ವಜ್ಞಾನಿಗಳ ಆಟ. ಅಲೆಕ್ಸಾಂಡ್ರಿಯದ ಯೆಹೂದ್ಯ ಫಿಲೋ ಕೂಡ ಅದನ್ನು ಆಡಿದ್ದಾನೆ. ಪೌಲ ಯೆಹೂದ್ಯನೋ, ಗ್ರೀಕನೋ ಎಂದು ಕೇಳುವವರಿಗೆ ನಾನು ಈ ಒಂದು ವಾಕ್ಯ ತೋರಿಸುತ್ತೇನೆ. ಎಲ್ಲಿ ಕತ್ತರಿಸುತ್ತೀರಿ, ಕತ್ತರಿಸಿ ನೋಡೋಣ.

ಚೀಟಿ ನೆನಪಿದೆಯಲ್ಲ? "ಒಡೆಯ ಸರಾಪಿಸ್." ಅಲ್ಲಿಯೂ ಅದೇ ಪದ, ಕೂರಿಯೊಸ್. ಲೋಕದಲ್ಲಿ ಕೂರಿಯೊಸ್‌ಗಳು ಬಹಳ ಎಂದು ಪೌಲ ಬರೆಯುವಾಗ ಸುಮ್ನೆ ಬರೆದದ್ದಲ್ಲ.

ಹಾಗಾದರೆ ಸರಾಪಿಸ್ ಯಾರು? 8ನೇ ಅಧ್ಯಾಯದಲ್ಲಿ ವಿಗ್ರಹ ಏನೂ ಅಲ್ಲ ಎಂಬುದನ್ನು ಒಪ್ಪುತ್ತಾನೆ. 10ರಲ್ಲಿ, ಅವರು ಬಲಿ ಕೊಡುವುದು ದೆವ್ವಗಳಿಗೆ ಎನ್ನುತ್ತಾನೆ. ಗ್ರೀಕ್ ಪದ ಡೈಮೋನಿಯೋನ್. ಗ್ರೀಕನ ಕಿವಿಗೆ ಅದು ಕೆಟ್ಟ ಪದವಲ್ಲ. ಸಾಕ್ರೆಟೀಸ್‌ನನ್ನು ತಪ್ಪು ದಾರಿಯಿಂದ ತಡೆಯುತ್ತಿದ್ದ ದನಿಗೂ ಅದೇ ಹೆಸರು. ಆದರೆ ಗ್ರೀಕ್ ಬೈಬಲಿನಲ್ಲಿ ಅನ್ಯರ ದೇವರುಗಳೆಲ್ಲ ಡೈಮೋನಿಯೋನ್. ಅಲ್ಲಿಂದ ಪದ ಕೆಳಗೆ ಜಾರಿತು. ಕನ್ನಡಿಗರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ನಮ್ಮ "ದೆವ್ವ" ಬಂದದ್ದು "ದೈವ"ದಿಂದಲೇ. ಒಂದೇ ಪದ, ಒಂದಕ್ಕೆ ಕೈ ಮುಗಿಯುತ್ತೇವೆ, ಇನ್ನೊಂದಕ್ಕೆ ಹೆದರಿ ಓಡುತ್ತೇವೆ.

ಯೆಹೂದ್ಯರಲ್ಲೂ ಈ ವಿಷಯಕ್ಕೆ ಒಂದೇ ಉತ್ತರ ಇರಲಿಲ್ಲ. ರಬ್ಬಿಗಳ, ಅಂದರೆ ಯೆಹೂದ್ಯ ಗುರುಗಳ, ಮಾತುಗಳನ್ನು ಸುಮಾರು 200ರಲ್ಲಿ ಸೇರಿಸಿದ ಮಿಶ್ನಾದಲ್ಲಿ ಒಂದು ಸೊಗಸಾದ ಕಥೆ ಇದೆ. ರಬ್ಬಾನ್ ಗಮಲಿಯೇಲ್ ಎಂಬ ಗುರು ಅಕ್ಕೋ ಊರಿನ ಸ್ನಾನಗೃಹದಲ್ಲಿ ಮೀಯುತ್ತಿದ್ದರು. ಅಲ್ಲಿ ಗ್ರೀಕರ ದೇವತೆ ಅಫ್ರೋದಿತೆಯ ಮೂರ್ತಿ. ಒಬ್ಬ ಗ್ರೀಕ ಕೇಳಿದ: ವಿಗ್ರಹದಿಂದ ದೂರ ಇರಬೇಕೆಂದು ನಿಮ್ಮ ಶಾಸ್ತ್ರ ಹೇಳುತ್ತದೆ, ನೀವು ಇವಳ ಸ್ನಾನಗೃಹದಲ್ಲಿ ಮೀಯುವುದು ಹೇಗೆ? ಗಮಲಿಯೇಲ್, ಸ್ನಾನದ ಮನೆಯಲ್ಲಿ ಇಂಥದ್ದಕ್ಕೆಲ್ಲ ಉತ್ತರ ಕೊಡಬಾರದು ಎಂದರು. ಹೊರಗೆ ಬಂದ ಮೇಲೆ ಹೇಳಿದರು: "ನಾನು ಅವಳ ಜಾಗಕ್ಕೆ ಹೋಗಲಿಲ್ಲ, ಅವಳೇ ನನ್ನ ಜಾಗಕ್ಕೆ ಬಂದಳು." ಸ್ನಾನಗೃಹ ಕಟ್ಟಿದ್ದು ಮೀಯಲಿಕ್ಕೆ, ಮೂರ್ತಿ ಅದಕ್ಕೆ ಅಲಂಕಾರ ಅಷ್ಟೇ. ವಸ್ತು ಅಲ್ಲ, ಜನ ಅದನ್ನು ಏನೆಂದು ನೋಡುತ್ತಾರೆ ಎಂಬುದು ಮುಖ್ಯ. ಪೌಲನೂ ಇದೇ ಬಗೆಯಲ್ಲಿ ಯೋಚಿಸುತ್ತಾನೆ. ಆದರೆ ಒಂದು ಎಚ್ಚರಿಕೆ. ಮಿಶ್ನಾ ಪೌಲನಿಗಿಂತ ಸುಮಾರು 150 ವರ್ಷ ಈಚಿನದು. ಅದನ್ನು ನೋಡಿ ಪೌಲ ಬರೆದ ಎನ್ನುವಂತಿಲ್ಲ. ಒಂದೇ ಅಂಗಳದಲ್ಲಿ ಬೆಳೆದ ಎರಡು ಮಾತು ಎನ್ನಬಹುದು.

ಕೊರಿಂಥದಲ್ಲಿ "ದುರ್ಬಲರು" ಎಂದು ಪೌಲ ಕರೆಯುವವರು ಯಾರು? ಮಡಿವಂತ ಯೆಹೂದ್ಯರು ಎಂದು ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ತಪ್ಪು. ಇದುವರೆಗೆ ವಿಗ್ರಹದ ರೂಢಿಯಲ್ಲಿ ಇದ್ದವರು ಎಂದು 8ನೇ ಅಧ್ಯಾಯದ 7ನೇ ವಚನವೇ ಹೇಳುತ್ತದೆ. ನಿನ್ನೆಯವರೆಗೆ ಸರಾಪಿಸನಿಗೆ ಕೈ ಮುಗಿದವರು. ಅವರಿಗೆ ಆ ಮಾಂಸ ಬರೀ ಮಾಂಸ ಆಗಲು ಸಾಧ್ಯವೇ ಇಲ್ಲ. 1970ರ ದಶಕದಲ್ಲಿ ಗೆರ್ಡ್ ಥೈಸನ್ ಎಂಬ ಜರ್ಮನ್ ವಿದ್ವಾಂಸ ಇದಕ್ಕೆ ದುಡ್ಡಿನ ಲೆಕ್ಕವನ್ನೂ ಸೇರಿಸಿದರು. ಬಡವರು ಮಾಂಸ ಕಾಣುತ್ತಿದ್ದದ್ದು ಹಬ್ಬದ ಬಲಿಯಲ್ಲಿ ಮಾತ್ರ, ಹಾಗಾಗಿ ಅವರಿಗೆ ಮಾಂಸ ಅಂದರೆ ದೇವರ ಊಟವೇ. ಶ್ರೀಮಂತರಿಗೆ ಅದು ದಿನದ ಊಟ. ಬಡವರೂ ಬೀದಿ ಅಂಗಡಿಗಳಲ್ಲಿ ಅಗ್ಗದ ಮಾಂಸ ತಿನ್ನುತ್ತಿದ್ದರು ಎಂದು ಆಮೇಲಿನವರು ತಕರಾರು ತೆಗೆದರು. ತಕರಾರು ಸರಿಯೇ. ಆದರೂ ಥೈಸನ್ ಹಿಡಿದ ಎಳೆ ಗಟ್ಟಿ ಎಂದು ನನ್ನ ಅನಿಸಿಕೆ. ಮುಂದೆ 11ನೇ ಅಧ್ಯಾಯದಲ್ಲೇ ಕರ್ತನ ಭೋಜನದಲ್ಲಿ ಒಬ್ಬನು ಹಸಿದಿರುತ್ತಾನೆ, ಇನ್ನೊಬ್ಬನಿಗೆ ಅಮಲೇರಿರುತ್ತದೆ ಎಂದು ಪೌಲ ಬೈಯುತ್ತಾನಲ್ಲ!

ಕೊನೆಗೆ ಅವನ ತೀರ್ಪು ಏನು? ಗುಡಿಯ ಪಂಕ್ತಿ ಬೇಡ. ಮಾರ್ಕೆಟ್ಟಿನಲ್ಲಿ ಮಾರುವುದನ್ನು ಏನೂ ಕೇಳದೆ ತಿನ್ನಿ, ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದು. ಇದು 24ನೇ ಕೀರ್ತನೆಯ ಸಾಲು. ಊಟಕ್ಕೆ ಮುಂಚೆ ದೇವರನ್ನು ಸ್ತುತಿಸಬೇಕು ಎನ್ನಲು ರಬ್ಬಿಗಳು ತೋರಿಸುವ ಸಾಲೂ ಇದೇ. ಅದನ್ನೇ ಪೌಲ ತಿನ್ನಲು ಪರವಾನಗಿ ಮಾಡಿಕೊಂಡ. ಯಾರಾದರೂ ಮನೆಗೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಆದರೆ ಪಕ್ಕದಲ್ಲಿದ್ದವನು "ಇದು ಹಿಯೆರೋಥೂಟೋನ್" ಎಂದು ಹೇಳಿದರೆ, ತಿನ್ನಬೇಡಿ, ಹೇಳಿದವನ ಸಲುವಾಗಿ. ಗ್ರೀಕರ ಗೌರವದ ಪದ ಬರುವುದು ಇಲ್ಲೇ. ಹೇಳಿದವನು ಗ್ರೀಕನೇ, ಹಾಗಾಗಿ ಬೈಗುಳದ ಪದ ಅವನ ಬಾಯಿಂದ ಬರುವುದಿಲ್ಲ. ಅಥವಾ ಆ ಮನೆಯವರ ಮುಂದೆ ಬೈಗುಳ ಬೇಡವೆಂದು ತಡೆದುಕೊಂಡ ವಿಶ್ವಾಸಿಯೋ? ನನಗೆ ಮೊದಲನೆಯದೇ ಸರಿ ಅನಿಸುತ್ತದೆ. ಒಂದು ಪದ ಬದಲಾದದ್ದರಿಂದ ಆ ಊಟದ ಕೋಣೆಯಲ್ಲಿ ಯಾರು ಮಾತಾಡುತ್ತಿದ್ದಾರೆ ಎಂಬುದು ನಮಗೆ ಕೇಳಿಸುತ್ತದೆ.

ಈ ಸೂಕ್ಷ್ಮ ಬಹಳ ದಿನ ಉಳಿಯಲಿಲ್ಲ. ದಿದಖೆ ಎಂಬ ಹಳೆಯ ಕ್ರೈಸ್ತ ಕೈಪಿಡಿ, ಇಂಥ ಮಾಂಸದಿಂದ ತುಂಬ ಎಚ್ಚರವಾಗಿರಿ, ಅದು ಸತ್ತ ದೇವರುಗಳ ಸೇವೆ ಎಂದು ಒಂದೇ ಮಾತಿನಲ್ಲಿ ಮುಗಿಸಿತು. ಇನ್ನು ಸುಮಾರು 112ರಲ್ಲಿ, ಕಪ್ಪು ಸಮುದ್ರದ ದಂಡೆಯ ಸೀಮೆಯಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ ಕ್ರೈಸ್ತರನ್ನು ಹಿಡಿದು ವಿಚಾರಣೆ ಮಾಡುತ್ತಿದ್ದ. ಚಕ್ರವರ್ತಿ ತ್ರಾಜನ್‌ಗೆ ಅವನು ಬರೆದ ಪತ್ರ ಉಳಿದಿದೆ. ಕ್ರಮ ತೆಗೆದುಕೊಂಡ ಮೇಲೆ ಬಲಿಯ ಮಾಂಸ ಮತ್ತೆ ಎಲ್ಲ ಕಡೆ ಮಾರಾಟವಾಗುತ್ತಿದೆ, ಮೊದಲು ಕೊಳ್ಳುವವರೇ ಅಪರೂಪವಾಗಿದ್ದರು ಎನ್ನುತ್ತಾನೆ. ಮಾರ್ಕೆಟ್ಟಿನಲ್ಲಿ ಏನೂ ಕೇಳಬೇಡಿ ಎಂದು ಪೌಲ ಬರೆದು ಆಗ ಅರವತ್ತು ವರ್ಷವೂ ಆಗಿರಲಿಲ್ಲ. ಅಲ್ಲಿನ ಜನ ಕೇಳಿಯೇ ಕೊಳ್ಳುತ್ತಿದ್ದರು.