ಬೊಟ್ಟಿನ ಹಾಳೆ, ಇಂಜೆಕ್ಷನ್ ಸೂಜಿ, ಮರುತ್ ವಿಮಾನ

ಕೇಳುಗರಿಗೆ ನಮಸ್ಕಾರ.

ಪುಣೆಯ ಎರಂಡವಣೆಯಲ್ಲಿ ಕಮಲಾ ನೆಹರೂ ಪಾರ್ಕ್ ಇದೆ. ಪ್ರಭಾತ್ ರಸ್ತೆಯ ಕಡೆ ಓಡಾಡುವವರಿಗೆ ಗೊತ್ತಿರುತ್ತದೆ. ಸಂಜೆಯಾದರೆ ಮಕ್ಕಳ ಗಲಾಟೆ, ಅಜ್ಜಂದಿರ ಹರಟೆ. ಆ ಗಲಾಟೆಯ ನಡುವೆ ಒಂದು ನಿಜವಾದ ಯುದ್ಧವಿಮಾನ ನಿಂತಿದೆ. ಮಗಳು ಚಿಕ್ಕವಳಿದ್ದಾಗ ವಾರಕ್ಕೊಮ್ಮೆ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಅದು ಯಾವುದೋ ರಷ್ಯದ ಮಿಗ್ ಇರಬೇಕು ಅಂತ ಸುಮ್ನೆ ಅಂದುಕೊಂಡಿದ್ದೆ. ಒಂದು ದಿನ ಸರಿಯಾಗಿ ವಿಚಾರಿಸಿದಾಗ ಗೊತ್ತಾಯಿತು, ಅದು ಎಚ್‌ಎಫ್-24 ಮರುತ್. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ್ದು. ಹೊಟ್ಟೆಪಾಡಿಗೆ ಪುಣೆಗೆ ಬಂದವನಿಗೆ ಬಸ್ ಸ್ಟ್ಯಾಂಡಿನಲ್ಲಿ ಊರಿನವರು ಸಿಕ್ಕ ಹಾಗಾಯಿತು ನೋಡಿ.

ನಾನು ಭೋಸರಿಯ ಒಂದು ಕಾರ್ಖಾನೆಯ ಅಚ್ಚು, ಸಲಕರಣೆ ಮಾಡುವ ಟೂಲ್‌ರೂಮಿನಲ್ಲಿ 30 ವರ್ಷ ಕೆಲಸ ಮಾಡಿದವನು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಮೊದಲಿನಿಂದಲೂ ಪುಟ್ಟ ವಿಮಾನಗಳನ್ನು ಜೋಡಿಸುವ ಹುಚ್ಚು ಇತ್ತು. ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೂರುಗಳು ಬರುತ್ತವೆ, ಅಂಟಿಸಬೇಕು, ಬಣ್ಣ ಹಚ್ಚಬೇಕು. ಆದರೆ ಮರುತ್ ಮಾಡಬೇಕು ಅಂತ ಹೊರಟಾಗ ಡಬ್ಬಿಯ ಭರವಸೆ ಹೋಯಿತು. ಪರಿಚಯದವರೊಬ್ಬರು ಹೊರದೇಶದಿಂದ ತಂದುಕೊಟ್ಟ ಹಳೆಯ ಕಿಟ್‌ನಲ್ಲಿ ಮೈ ಇತ್ತು, ರೆಕ್ಕೆ ಇತ್ತು. ಸೀಟು ಮಣೆಯ ಹಾಗಿತ್ತು. ಬಂದೂಕಿನ ನಳಿಗೆಗಳ ಜಾಗದಲ್ಲಿ ನಾಲ್ಕು ಗುಳಿ, ಅಷ್ಟೇ. ಇಲ್ಲದ್ದನ್ನೆಲ್ಲ ನಾನೇ ಮಾಡಿಕೊಳ್ಳಬೇಕಾಯಿತು. ನಿಜ ಹೇಳಬೇಕೆಂದರೆ, ಈ ವಿಮಾನ ನನಗೆ ಅರ್ಥವಾದದ್ದು ಹಾಗೆ ಮಾಡಿಕೊಳ್ಳುವಾಗಲೇ.

ಅಳತೆ ಒಂದಕ್ಕೆ 48. ಅಂದರೆ ನಿಜವಾದ ವಿಮಾನದ 48 ಮಿಲಿಮೀಟರ್ ನನ್ನ ಮೇಜಿನ ಮೇಲೆ 1 ಮಿಲಿಮೀಟರ್. ಮರುತ್‌ನ ಉದ್ದ ಸುಮಾರು 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ನನ್ನದು 33 ಸೆಂಟಿಮೀಟರ್ ಉದ್ದ, 19ಕ್ಕೆ ಸ್ವಲ್ಪ ಕಡಿಮೆ ಅಗಲ. ಲಟ್ಟಣಿಗೆಯಷ್ಟು ಅನ್ನಿ.

ಮೊದಲು ಬಂದೂಕು. ಮರುತ್‌ನ ಮೂತಿಯ ಹತ್ತಿರ 30 ಮಿಲಿಮೀಟರಿನ, ಏಡನ್ ಎಂಬ ಹೆಸರಿನ ನಾಲ್ಕು ಫಿರಂಗಿಗಳಿದ್ದವು. 30ನ್ನು 48ರಿಂದ ಭಾಗಿಸಿ. 0.62 ಮಿಲಿಮೀಟರ್ ಬರುತ್ತದೆ. ಅಷ್ಟು ಸಣ್ಣ ತೂತಿನ ಕೊಳವೆ ಎಲ್ಲಿ ಸಿಗುತ್ತದೆ? ಔಷಧಿ ಅಂಗಡಿಯಲ್ಲಿ! 20 ನಂಬರಿನ ಇಂಜೆಕ್ಷನ್ ಸೂಜಿಯ ಒಳಗಿನ ತೂತು 0.6 ಮಿಲಿಮೀಟರ್. ಕೂದಲೆಳೆಯ ವ್ಯತ್ಯಾಸ. ಸೂಜಿಯನ್ನು ಕಟಿಂಗ್ ಪ್ಲೇಯರಿನಿಂದ ಮಾತ್ರ ಕತ್ತರಿಸಬೇಡಿ, ಬಾಯಿ ಮುಚ್ಚಿಕೊಳ್ಳುತ್ತದೆ. ಕಾನಸಿನ ಅಂಚಿನಿಂದ ಸುತ್ತಲೂ ಗೀರು ಹಾಕಿ ಮುರಿಯಬೇಕು. ಆಮೇಲೆ ಎಣ್ಣೆಕಲ್ಲಿನ ಮೇಲೆ ಉಜ್ಜಿ, ಭೂತಗನ್ನಡಿಯಲ್ಲಿ ನೋಡಿದರೆ ಫಿರಂಗಿಯ ಬಾಯಿಯೇ.

ಮೂತಿಯ ತುದಿಯಲ್ಲಿ ವೇಗ ಅಳೆಯುವ ಪಿಟೋ ನಳಿಗೆ ಇರುತ್ತದೆ. ಅದು ಹಿಂದೆ ದಪ್ಪ, ಮುಂದೆ ಸಣ್ಣ. 24 ನಂಬರಿನ ಸೂಜಿಯೊಳಗೆ ಇನ್ಸುಲಿನ್ ಸೂಜಿ ಸಲೀಸಾಗಿ ಇಳಿಯುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ಈ ಒಂದು ಲಾಭ. ಔಷಧಿ ಅಂಗಡಿಯ ಹುಡುಗ ಒಮ್ಮೆ ನನ್ನನ್ನು ಅನುಮಾನದಿಂದ ನೋಡಿದ. ಸಿರಿಂಜ್ ಬೇಡ, ಸೂಜಿ ಮಾತ್ರ ಸಾಕು, ಬೇರೆ ಬೇರೆ ನಂಬರಿನವು ಎರಡೆರಡು ಕೊಡು ಅಂದರೆ ಅವನಾದರೂ ಏನಂದುಕೊಳ್ಳಬೇಕು? ಮರುದಿನ ಅರ್ಧ ಮಾಡಿದ ವಿಮಾನವನ್ನೇ ಒಯ್ದು ತೋರಿಸಿದೆ.

ಸೀಟಿನದು ಬೇರೆ ಕತೆ. ಮರುತ್‌ನಲ್ಲಿ ಮಾರ್ಟಿನ್-ಬೇಕರ್ ಕಂಪನಿಯ ಸೀಟು. ವಿಮಾನ ಕೈಕೊಟ್ಟರೆ ಪೈಲಟ್ ತಲೆಯ ಮೇಲಿನ ಹಿಡಿಕೆ ಎಳೆಯಬೇಕು, ಸೀಟು ಸಮೇತ ಹೊರಗೆ ಚಿಮ್ಮುತ್ತಾನೆ. ಆ ಹಿಡಿಕೆಗೆ ಹಳದಿ ಕಪ್ಪು ಪಟ್ಟೆ. ನನ್ನ ಅಳತೆಯಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರ್. ಮೊದಲು ಹಳದಿ ತಂತಿಗೆ ಕಪ್ಪು ಹೊಲಿಗೆ ದಾರ ಸುತ್ತಿದೆ. ದಾರದ ನಾರೆಲ್ಲ ಎದ್ದು ಸ್ವೆಟರ್ ಹಾಕಿಸಿದ ಹಾಗೆ ಕಂಡಿತು. ಎರಡನೇ ಸಲ ಹಳೆಯ ಇಯರ್‌ಫೋನಿನ ತಾಮ್ರದ ಎಳೆ ಎರಡನ್ನು ಹಗ್ಗದಂತೆ ಹೊಸೆದೆ. ಪೂರ್ತಿ ಹಳದಿ ಬಳಿದೆ. ಒಣಗಿದ ಮೇಲೆ ಒಂದೇ ಎಳೆಯ ಬೆನ್ನ ಮೇಲೆ ಕಪ್ಪು ಬಣ್ಣದ ಕುಂಚ ಎಳೆಯುತ್ತಾ ಹೋದೆ. ಹೊಸೆದ ಗೆರೆಯೇ ಕುಂಚಕ್ಕೆ ದಾರಿ ತೋರಿಸಿತು. ಪಟ್ಟೆ ತಾನಾಗಿಯೇ ಬಂತು. ಸೀಟಿನ ಬೆಲ್ಟಿಗೆ ಮಾತ್ರೆ ಪಟ್ಟಿಯ ಬೆಳ್ಳಿ ಹಾಳೆ ಸಾಕು, ಅದನ್ನು ಜಾಸ್ತಿ ಹೇಳುವುದಿಲ್ಲ.

ನನ್ನನ್ನು ನಿಜವಾಗಿ ಸತಾಯಿಸಿದ್ದು ಗಾಳಿ ಒಳಗೆ ಹೋಗುವ ಬಾಯಿಗಳು. ಮರುತ್‌ನ ಎರಡೂ ಪಕ್ಕದಲ್ಲಿ ಅರ್ಧ ಚಂದ್ರದ ಆಕಾರದ ಬಾಯಿ, ಅದರೊಳಗೆ ಮೈಗೆ ಅಂಟಿಕೊಂಡ ಅರ್ಧ ಶಂಕು. ಸದ್ದಿಗಿಂತ ಜೋರಾಗಿ ಹೋಗುವಾಗ ಎಂಜಿನ್ನಿಗೆ ನುಗ್ಗುವ ಗಾಳಿಯನ್ನು ಆ ಶಂಕು ಹದಕ್ಕೆ ತರಬೇಕು. ಕಿಟ್‌ನಲ್ಲಿದ್ದದ್ದು ಮೊಂಡು ಗುಬ್ಬಿ. ನಾನೇ ಒಂದು ಶಂಕು ಮಾಡಿ ನಡುವೆ ಗರಗಸ ಹಾಕಿ ಎರಡು ಮಾಡಿದೆ. ಎರಡೂ ಅರ್ಧಕ್ಕಿಂತ ಕಡಿಮೆ! ಗರಗಸದ ಹಲ್ಲು ತಿಂದ ಪುಡಿ ಎಲ್ಲಿಗೆ ಹೋಯಿತು? ಇಷ್ಟು ವರ್ಷ ಟೂಲ್‌ರೂಮಿನಲ್ಲಿದ್ದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ನಾಚಿಕೆಯಾಯಿತು.

ಆಗ ನೆನಪಾದವರು ನನ್ನ ಸೋದರಮಾವ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆ ಕಟ್ಟಿಗೆಯ ಪ್ಯಾಟರ್ನ್, ಅಂದರೆ ಲೋಹದ ಎರಕ ಹೊಯ್ಯುವ ಅಚ್ಚಿಗೆ ಬೇಕಾದ ಮಾದರಿ, ಮಾಡಿಕೊಡುತ್ತಿದ್ದರು. ಎರಡು ಹೋಳಾಗಬೇಕಾದ ಗುಂಡನೆಯ ಪ್ಯಾಟರ್ನನ್ನು ಅವರು ಮಾಡಿದ ಮೇಲೆ ಸೀಳುತ್ತಿರಲಿಲ್ಲ. ಮೊದಲೇ ಎರಡು ತುಂಡು ಕಟ್ಟಿಗೆ ತೆಗೆದುಕೊಂಡು, ನಡುವೆ ಪೇಪರ್ ಇಟ್ಟು ಅಂಟಿಸಿ, ಆಮೇಲೆ ಲೇತ್‌ಗೆ ಹಾಕುತ್ತಿದ್ದರು. ಕಡೆದಾದ ಮೇಲೆ ಉಳಿಯ ಮೂತಿಯನ್ನು ಪೇಪರಿನ ಗೆರೆಗೆ ಇಟ್ಟು ಒಂದು ಮೆಲ್ಲನೆ ಏಟು. ಪೇಪರ್ ಸೀಳಿಕೊಂಡು ಸರಿಯಾಗಿ ಎರಡು ಅರ್ಧ. ಚಿಕ್ಕವನಿದ್ದಾಗ ಯಾಕೆ ಹೀಗೆ ಅಂತ ಕೇಳಿದ್ದಕ್ಕೆ "ಗರಗಸ ತಿಂತೈತಿ ತಮ್ಮಾ, ಕಾಗದ ತಿನ್ನಂಗಿಲ್ಲ" ಅಂದಿದ್ದರು.

ಹಳೇ ಬಾಗಿಲ ಚೌಕಟ್ಟಿನ ಸಾಗುವಾನಿ ಚೂರು ಎರಡು, ನಡುವೆ ಕನ್ನಡ ಪೇಪರಿನ ಒಂದು ತುಂಡು, ಫೆವಿಕಾಲ್. ರಾತ್ರಿಯಿಡೀ ಒಣಗಿಸಿದೆ. ಡ್ರಿಲ್ ಮಷೀನನ್ನು ಮೇಜಿಗೆ ಬಿಗಿದು, ತಿರುಗುವ ಕಟ್ಟಿಗೆಗೆ ಪಾಲಿಶ್ ಪೇಪರ್ ಹಿಡಿದೆ. ಶಂಕು ಬಂತು. ಬ್ಲೇಡು ಇಟ್ಟು ತಟ್ಟಿದೆ. ಟಕ್ ಅಂತ ಎರಡಾಯಿತು. ಒಂದು ಹೋಳಿನ ಒಳಮೈಯಲ್ಲಿ ಅರ್ಧ ಹರಿದ ಕನ್ನಡ ಅಕ್ಷರ ಅಂಟಿಕೊಂಡಿತ್ತು. ಅದನ್ನು ಉಜ್ಜಲಿಲ್ಲ. ವಿಮಾನದೊಳಗೆ ಹಾಗೆಯೇ ಮುಚ್ಚಿಹೋಗಿದೆ.

ಜೆಟ್ ವಿಮಾನಕ್ಕೆ ಕಟ್ಟಿಗೆಯೇ ಅಂತ ನೀವು ನಗಬಹುದು. ಆದರೆ ಮರುತ್‌ನ ಕತೆಯಲ್ಲಿ ಕಟ್ಟಿಗೆಗೂ ಒಂದು ಪಾಲಿದೆ. 1956ರಲ್ಲಿ ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಈ ವಿಮಾನದ ವಿನ್ಯಾಸಕ್ಕಾಗಿ ಬೆಂಗಳೂರಿಗೆ ಬಂದರು. ಲೋಹದ ವಿಮಾನ ಮಾಡುವ ಮೊದಲು ಅದೇ ಅಳತೆಯ, ಎಂಜಿನ್ ಇಲ್ಲದ ಕಟ್ಟಿಗೆಯ ಗ್ಲೈಡರ್ ಮಾಡಿದರು. 1959ರಲ್ಲಿ ಡಕೋಟಾ ವಿಮಾನದ ಹಿಂದೆ ಅದನ್ನು ಹಗ್ಗಕ್ಕೆ ಕಟ್ಟಿ ಎಳೆದು ಮೇಲೇರಿಸಿ, ಬಿಟ್ಟು, ಹೇಗೆ ಹಾರುತ್ತದೆ ಅಂತ ನೋಡಿದರು. ಅದೂ ಒಂದು ಮಾಡೆಲ್ಲೇ ಅಲ್ವಾ? ಅಳತೆ ಮಾತ್ರ ಒಂದಕ್ಕೆ ಒಂದು, ಒಳಗೆ ಪೈಲಟ್ ಕೂತಿದ್ದ. ನಿಜವಾದ ಮರುತ್ ಹಾರಿದ್ದು 1961ರ ಜೂನ್ 17ರಂದು. ಹಾರಿಸಿದವರು ಸುರಂಜನ್ ದಾಸ್. 1970ರಲ್ಲಿ ಅವರು ತೀರಿಕೊಂಡದ್ದೂ ಮರುತ್ ಅಪಘಾತದಲ್ಲೇ. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಇದೆ. ದಿನಾ ಅಲ್ಲಿ ಟ್ರಾಫಿಕ್ಕಿನಲ್ಲಿ ನಿಂತು ಬೈದುಕೊಳ್ಳುವವರಲ್ಲಿ ಎಷ್ಟು ಜನರಿಗೆ ಇದು ಗೊತ್ತೋ.

ಆ ಶಂಕುಗಳನ್ನು ಅಂಟಿಸುವಾಗ ಇನ್ನೊಂದು ವಿಷಯ ಮನಸ್ಸಿಗೆ ಬಂತು. ಮರುತ್ ಸದ್ದಿನ ಎರಡರಷ್ಟು ವೇಗದಲ್ಲಿ ಹೋಗಬೇಕು ಅಂತ ಆಸೆ ಇತ್ತು. ಅದಕ್ಕೆಂದು ಕುರ್ಟ್ ಟ್ಯಾಂಕ್ ನೆಚ್ಚಿಕೊಂಡಿದ್ದ ಜಾಸ್ತಿ ಶಕ್ತಿಯ ಎಂಜಿನ್ ಬರಲೇ ಇಲ್ಲ. ಆರ್ಫಿಯಸ್ 703 ಎಂಬ ಎಂಜಿನ್ ಎರಡನ್ನು ಹಾಕಿ ಹಾರಿಸಬೇಕಾಯಿತು. ಸೊಂಟ ಸಣ್ಣ ಮಾಡಿಕೊಂಡ ಮೈ, ಹಿಂದಕ್ಕೆ ಬಾಗಿದ ರೆಕ್ಕೆ, ಆ ಶಂಕು, ಎಲ್ಲವೂ ಬಾರದ ಎಂಜಿನ್ನಿಗೆ ಕಾಯುತ್ತಾ ನಿಂತ ಹಾಗಿದೆ. ಮದುವೆ ಮುರಿದ ಮನೆಯ ಚಪ್ಪರ ನೋಡಿದಂತೆ. ಹಾಗಂತ ಬಡಪಾಯಿ ಅನ್ನಬೇಡಿ. 1967ರಲ್ಲಿ ವಾಯುಪಡೆಯ 10ನೇ ಸ್ಕ್ವಾಡ್ರನ್‌ಗೆ ಬಂತು. 1971ರ ಯುದ್ಧದಲ್ಲಿ ರಾಜಸ್ಥಾನದ ಮರಳಿನ ಮೇಲೆ ಚೆನ್ನಾಗಿಯೇ ದುಡಿಯಿತು. ಒಟ್ಟು 147 ಮರುತ್‌ಗಳು ತಯಾರಾದವು. 1990ರಲ್ಲಿ ಕೊನೆಯದೂ ಇಳಿಯಿತು.

ಇನ್ನು ಬಣ್ಣ. ಪಾರ್ಕಿನಲ್ಲಿ ನಿಂತ ವಿಮಾನದಿಂದ ಆಕಾರ ಕಲಿಯಿರಿ, ಬಣ್ಣ ಕಲಿಯಬೇಡಿ. ಬಯಲಲ್ಲಿ ಬಿಸಿಲು ಮಳೆಗೆ ನಿಲ್ಲುವ ವಿಮಾನಗಳಿಗೆ ಎಲ್ಲ ಊರಲ್ಲೂ ಆಗಾಗ ಹೊಸ ಬಣ್ಣ ಬೀಳುತ್ತದೆ. ಬಣ್ಣಕ್ಕೆ ಹಳೆಯ ಫೋಟೊಗಳೇ ಗತಿ. ನಾನು ಯುದ್ಧಕಾಲದ ಕಡು ಹಸಿರು, ಮಣ್ಣು ಬಣ್ಣದ ಪಟ್ಟೆಗಳನ್ನು ಆರಿಸಿಕೊಂಡೆ.

ನಮ್ಮ ವಾಯುಪಡೆಯ ಗುಂಡನೆಯ ಗುರುತು ನೋಡಿದ್ದೀರಲ್ಲ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅಂಟಿಸುವ ಚಿತ್ರದ ಹಾಳೆ ಸಿಗುತ್ತದೆ, ಆದರೆ ನನ್ನ ಕಿಟ್‌ನದು ಹಳದಿಗಟ್ಟಿ ನೀರಿಗೆ ಹಾಕಿದೊಡನೆ ಚೂರಾಯಿತು. ಕೈಯಿಂದಲೇ ಬಣ್ಣ ಹಾಕಬೇಕು. ಒಂದು ಸೆಂಟಿಮೀಟರಿನ ವೃತ್ತವನ್ನು ಬ್ಲೇಡಿನಿಂದ ಕತ್ತರಿಸಿ ನೋಡಿ, ಆಲೂಗಡ್ಡೆ ಆಕಾರ ಬರುತ್ತದೆ. ಮನೆಯಾಕೆ ಕನ್ನಡಿಯ ಮುಂದೆ ನಿಂತಿದ್ದಾಗ ನನಗೆ ಹೊಳೆಯಿತು. ಬೊಟ್ಟು! ಸ್ಟಿಕ್ಕರ್ ಬೊಟ್ಟಿನ ಹಾಳೆಯಲ್ಲಿ ಎಲ್ಲ ಅಳತೆಯ ಅಚ್ಚುಕಟ್ಟಾದ ವೃತ್ತಗಳಿವೆ. ತುಳಶಿಬಾಗ್ ಪೇಟೆಗೆ ಹೋಗಿ ಅಳತೆಯ ವರ್ನಿಯರ್ ಹಿಡಿದು ಬೊಟ್ಟು ಅಳೆದವನು ನಾನೊಬ್ಬನೇ ಇರಬೇಕು. ಜೊತೆಗೆ ಬಂದಿದ್ದ ಇವಳು ಎರಡು ಅಂಗಡಿ ದೂರ ಹೋಗಿ ನಿಂತಳು.

ಕ್ರಮ ಹೀಗೆ. ಬಿಳಿಯ ಮೇಲೆ ಮೊದಲು ಹಸಿರು. ಅದರ ಮೇಲೆ ಸಣ್ಣ ಬೊಟ್ಟು. ಆಮೇಲೆ ಬಿಳಿ, ತೆಳ್ಳಗೆ ಮೂರು ಸಲ, ಇಲ್ಲದಿದ್ದರೆ ಹಸಿರು ಇಣುಕುತ್ತದೆ. ಅದರ ಮೇಲೆ ನಡುಗಾತ್ರದ ಬೊಟ್ಟು. ಕೇಸರಿ. ದೊಡ್ಡ ಬೊಟ್ಟು. ಕೊನೆಗೆ ಮೈಬಣ್ಣ. ಎಲ್ಲ ಒಣಗಿದ ಮೇಲೆ ಬೊಟ್ಟುಗಳನ್ನು ಎಬ್ಬಿಸಿದರೆ ಒಳಗೆ ಗುರುತು ಕಾದಿರುತ್ತದೆ. ಮೂರೂ ಬೊಟ್ಟು ಒಂದೇ ಕೇಂದ್ರಕ್ಕೆ ಕೂರಬೇಕಲ್ಲ, ಅದಕ್ಕೆ ಪ್ರತಿ ಬೊಟ್ಟಿನ ನಡುವೆ ಗುಂಡುಪಿನ್ ಚುಚ್ಚಿ, ರೆಕ್ಕೆಯ ಮೇಲಿನ ಒಂದೇ ಚುಕ್ಕೆಗೆ ಇಳಿಸಿದೆ. ಮೊದಲ ಸಲ ಮಖಮಲ್ಲಿನ ಬೊಟ್ಟು ಬಳಸಿ ಕೆಟ್ಟೆ. ಬಟ್ಟೆ ಬಣ್ಣ ಹೀರಿ ಅಂಚೆಲ್ಲ ಹರಡಿತು. ತೆಳು ಪ್ಲಾಸ್ಟಿಕ್ಕಿನದೇ ಆಗಬೇಕು. ಹಚ್ಚುವ ಮೊದಲು ಮುಂಗೈಗೆ ಎರಡು ಸಲ ಅಂಟಿಸಿ ಕಿತ್ತು ಗೋಂದಿನ ಜೋರು ಇಳಿಸಬೇಕು, ಇಲ್ಲದಿದ್ದರೆ ಕೆಳಗಿನ ಬಣ್ಣವನ್ನೂ ಎತ್ತಿಕೊಂಡು ಬರುತ್ತದೆ.

ಬಾಲದ ಮೇಲಿನ ಮೂರು ಬಣ್ಣದ ಪಟ್ಟಿ ಸುಲಭ, ಬರೀ ಟೇಪಿನ ಕೆಲಸ. ಸುಲಭವಾದದ್ದರಲ್ಲೇ ಎಡವಿದೆ. ನಮ್ಮ ಕಟ್ಟಡದಲ್ಲಿ ಬಾಗಲಕೋಟೆ ಕಡೆಯವರೊಬ್ಬರಿದ್ದಾರೆ. ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿ ನಿವೃತ್ತರಾದವರು. ಚಹಾಕ್ಕೆ ಬಂದವರು ವಿಮಾನ ತಿರುಗಿಸಿ ನೋಡಿದರು. ಎಡಗಡೆ ನೋಡಿ ತಲೆ ಆಡಿಸಿದರು. ಬಲಗಡೆ ನೋಡಿ ಸುಮ್ಮನಾದರು. "ಯಾಕ್ರೀ?" ಅಂದೆ. "ಕೇಸರಿ ಯಾವಾಗ್ಲೂ ಮೂತಿ ಕಡೆ ಇರಬೇಕ್ರೀ ಸಾಹೇಬ್ರ. ನಿಮ್ಮ ವಿಮಾನ ಈ ಕಡೆಯಿಂದ ಹಿಂದಕ್ಕ ಹೊಂಟೈತಿ" ಅಂದರು. ಎಡಗಡೆಯಿಂದ ಬಲಗಡೆಗೆ ಕೇಸರಿ, ಬಿಳಿ, ಹಸಿರು ಅಂತ ಓದುವ ಅಭ್ಯಾಸದಲ್ಲಿ ಎರಡೂ ಕಡೆ ಒಂದೇ ಥರ ಬಳಿದಿದ್ದೆ. ಬಲಗಡೆಯದನ್ನು ಉಜ್ಜಿ ತೆಗೆಯಲು ಎರಡು ದಿನ ಹಿಡಿಯಿತು.

ವಿಮಾನದ ಮೈತುಂಬ ಸಣ್ಣ ಸೂಚನೆಗಳಿರುತ್ತವೆ. ಇಲ್ಲಿ ಕಾಲಿಡಬೇಡಿ, ಇಲ್ಲಿ ಎಣ್ಣೆ ಹಾಕಿ, ಹೀಗೆ. ಒಂದಿಂಚಿನ ಅಕ್ಷರ ನನ್ನ ಅಳತೆಯಲ್ಲಿ ಅರ್ಧ ಮಿಲಿಮೀಟರ್. ಸಣ್ಣ ಮೊನೆಯ ಪೆನ್ನಿನಿಂದ ಗೀಚಿಬಿಡಿ. ಬರಹ ಅನ್ನಿಸಿದರೆ ಸಾಕು, ಓದಲು ಬರಬೇಕಾಗಿಲ್ಲ. ಡಾಕ್ಟರ ಚೀಟಿಯ ಹಾಗೆ.

ವಿಮಾನದ ನಂಬರಿಗೆ ಮಾತ್ರ ಹಾಗೆ ಮಾಡಲು ಬರುವುದಿಲ್ಲ. ಬಿ, ಡಿ ಎಂಬ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ 8ರಿಂದ ಶುರುವಾಗುವ ಅಂಕಿಗಳು. ಟೇಪಿನಲ್ಲಿ ಅಕ್ಷರ ಕೊರೆದು ತೆಗೆದು, ಖಾಲಿ ಜಾಗಕ್ಕೆ ಬಣ್ಣ ಊದಬೇಕು. ತೊಂದರೆ ಏನೆಂದರೆ ಈ ಅಕ್ಷರಗಳಿಗೆ ಹೊಟ್ಟೆ ಇದೆ. ಬಿ ಒಳಗೆ ಎರಡು ಚೂರು, ಡಿ ಒಳಗೆ ಒಂದು, 8ರ ಒಳಗೆ ಮತ್ತೆ ಎರಡು. ಕೊರೆದ ಕೂಡಲೇ ಇವು ಬೇರೆಯಾಗುತ್ತವೆ. ಎಳ್ಳಿಗಿಂತ ಸಣ್ಣ ಟೇಪಿನ ಚೂರನ್ನು ಚಿಮಟದಲ್ಲಿ ಹಿಡಿದು ಅದರದೇ ಜಾಗದಲ್ಲಿ ಕೂರಿಸಬೇಕು. ಮೊನ್ನೆ ರಾತ್ರಿ ಹನ್ನೊಂದರವರೆಗೆ ಕೂತು ನಾಲ್ಕನ್ನು ಕೂರಿಸಿದೆ. ಐದನೆಯದು, 8ರ ಮೇಲಿನ ಹೊಟ್ಟೆ, ಫ್ಯಾನಿನ ಗಾಳಿಗೆ ಹಾರಿತು. ಟಾರ್ಚು ಹಾಕಿ ಮೇಜಿನ ಕೆಳಗೆಲ್ಲ ತೆವಳಿದೆ. ಸಿಗಲಿಲ್ಲ. ಹೊಸದು ಕೊರೆದರೆ ಅದೇ ಆಕಾರ ಬರುವುದಿಲ್ಲ. ಬೇಜಾರಿನಲ್ಲಿ ಮಲಗಿದೆ.

ಬೆಳಿಗ್ಗೆ ಇವಳು ಚಹಾ ತಂದು ಮೇಜಿನ ಮೇಲಿಟ್ಟಳು. ಆಮೇಲೆ ತನ್ನ ತೋರುಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಬೆರಳ ತುದಿಯಲ್ಲಿ ಹಳದಿ ಟೇಪಿನ ಒಂದು ಕಣ.

"ಕಸ ಗುಡಿಸುವಾಗ ಕಾಲಿಗೆ ಅಂಟ್ಕೊಂಡಿತ್ತು. ಎಸೆಯೋದಾ, ಇಟ್ಕೊಳ್ಳೋದಾ?" ಅಂದಳು.