ಸಂಜಿ ದೀಪ ಎಷ್ಟಕ್ಕ ಹಚ್ಚಬೇಕು?

ಎಲ್ಲಾರಿಗೂ ನಮಸ್ಕಾರ್ರಿ. ಇವತ್ತ ನಾ ಮಾತಾಡ್ಬೇಕಂತ ಬಂದಿದ್ದು ಹಗಲು ರಾತ್ರಿ ವಿಷಯ. ಇದರಾಗೇನದ ಮಾತಾಡೋದು, ಹೊತ್ತು ಹೊಂಡ್ತದ, ಹೊತ್ತು ಮುಣಗ್ತದ, ಮುಗೀತು ಅಂತ ನೀವು ಅನ್ಬಹುದು. ನಾನೂ 30 ವರ್ಷ ಸಾಲ್ಯಾಗ ಭೂಗೋಳ ಕಲಿಸ್ದಾಂವ, ಭೂಮಿ 23.5 ಡಿಗ್ರಿ ವಾಲ್ಯಾದ ಅಂತ ಬೋರ್ಡ್ ಮ್ಯಾಲ ಬರ್ದು ಬರ್ದು ಖಡು ಸವಿಸಿದಾಂವ, ಆದ್ರ ಖರೇ ಹೇಳ್ತೀನಿ, ಆ ಪಾಠ ನನ್ನ ತಲಿಯಾಗ ಸರಿಯಾಗಿ ಇಳಿದದ್ದು ರಿಟೈರ್ ಆದಮ್ಯಾಲ, ಅದೂ ನಮ್ಮವ್ವ ಕೇಳಿದ ಒಂದು ಪ್ರಶ್ನಿಯಿಂದ.

ನಮ್ಮಕ್ಕನ ಮಗ ಸ್ವೀಡನ್ ದೇಶದ ಸ್ಟಾಕ್‌ಹೋಮ್‌ದಾಗ ನೌಕರಿ ಮಾಡ್ತಾನ. ಅಲ್ಲಿ ಹೋದ ಮೊದಲನೇ ಡಿಸೆಂಬರ್, ಇನ್ನೇನು ಎಳ್ಳ ಅಮವಾಸಿ ನಾಕ್ ದಿನ ಅದ ಅನ್ನೋವಾಗ ವಿಡಿಯೋ ಕಾಲ್ ಮಾಡ್ದ. ನಮ್ಮಲ್ಲಿ ರಾತ್ರಿ ಎಂಟೂ ಕಾಲು, ಅವ್ವ ಊಟ ಮುಗಿಸಿ ಕಟ್ಟಿ ಮ್ಯಾಲ ಎಲಿ ಅಡಿಕಿ ಹಾಕ್ಕೋತ ಕುಂತಿದ್ಳು. ಅವನ ಹಿಂದಿನ ಕಿಟಕಿ ನೋಡಿದ್ರ ಗವ್ವನ್ನೋ ಕತ್ತಲಿ. ನಿಮ್ಮಲ್ಲಿ ಎಷ್ಟಾಗ್ಯಾದಪಾ ಅಂತ ಅವ್ವ ಕೇಳಿದ್ಳು. "ಪೌಣೆ ನಾಕು ಆಯಿ" ಅಂದ. ನಸುಕಿನ ಪೌಣೆ ನಾಕೇನು, ಯಾಕ ಮಲ್ಕೊಂಡಿಲ್ಲ ಅಂತ ಈಕಿ ಬೈಲಿಕ್ಕೆ ಸುರು ಮಾಡಿದ್ಳು. "ಅಲ್ಲ ಆಯಿ, ಮಧ್ಯಾಹ್ನದ ಪೌಣೆ ನಾಕು, ಹೊತ್ತು ಮುಣಗಿ ಒಂದ್ ತಾಸಾತು." ಅವ್ವ ಜರಾ ಹೊತ್ತು ಸುಮ್ನಿದ್ದು ಕೇಳಿದ್ಳು, "ಹಂಗಾದ್ರ ಸಂಜಿ ದೀಪ ಎಷ್ಟಕ್ಕ ಹಚ್ತಿ?"

ಅಂವ ನಕ್ಕ. ನನಗ ನಗಿ ಬರಲಿಲ್ಲ, ಯಾಕಂದ್ರ ನನ್ನ ಹತ್ರ ಉತ್ತರ ಇರಲಿಲ್ಲ.

ಮೊದಲ ನಮ್ಮದೇ ಹಿಸಾಬ್ ನೋಡೋಣು. ಕಲಬುರಗಿ ಭೂಮಧ್ಯರೇಖೆಯಿಂದ ಉತ್ತರಕ್ಕ 17 ಡಿಗ್ರಿ ಚಿಲ್ಲರಿ, ಬೀದರ್ ಹೆಚ್ಚುಕಮ್ಮಿ 18, ಯಾದಗಿರಿ 17ಕ್ಕ ಜರಾ ಕಡಿಮಿ. ಜೂನ್ 21ರ ಸುಮಾರಿಗೆ ಕಲಬುರಗಿಯಾಗ ಹಗಲು 13 ತಾಸು 9 ಮಿನಿಟ್, ಡಿಸೆಂಬರ್ 21ರ ಸುಮಾರಿಗೆ 11 ತಾಸು 5 ಮಿನಿಟ್. ಅಂದ್ರ ವರ್ಷಪೂರ್ತಿ ಸೇರಿ ಫರಕ್ ಬರೇ ಎರಡು ತಾಸು, ಅದೂ ಆರು ತಿಂಗಳದಾಗ ದಿನಕ್ಕ ಅರ್ಧ ಮಿನಿಟ್ ಒಂದ್ ಮಿನಿಟ್ ಹಂಗ ಸರಕೋತ ಬರ್ತದ, ಯಾರಿಗೂ ಗೊತ್ತೇ ಆಗಂಗಿಲ್ಲ. ಈಗ ಸ್ಟಾಕ್‌ಹೋಮ್ ನೋಡ್ರಿ, ಅದು 59 ಡಿಗ್ರಿ ಮ್ಯಾಲ ಅದ, ಡಿಸೆಂಬರ್‌ದಾಗ ಹಗಲು 6 ತಾಸು, ಜೂನ್‌ದಾಗ ಹದಿನೆಂಟೂವರಿ ತಾಸಿಗೂ ಮಿಕ್ಕಿ.

ಇನ್ನೊಂದು ಮಾತು, ಇದು ಭಾಳ ಮಂದಿಗೆ ಗೊತ್ತಿಲ್ಲ. ಎಲ್ಲಕ್ಕಿಂತ ಸಣ್ಣ ದಿನ ಡಿಸೆಂಬರ್ 21ಕ್ಕ ಖರೇ, ಆದ್ರ ಹೊತ್ತು ಎಲ್ಲಕ್ಕಿಂತ ಲಗೂನ ಮುಣಗೋದು ಆವತ್ತಲ್ಲ. ನಮ್ಮಲ್ಲಿ ನವೆಂಬರ್ ಕೊನಿ ವಾರದ ಹೊತ್ತಿಗೆ 5.46ಕ್ಕ ಮುಣಗಿರ್ತದ, ಡಿಸೆಂಬರ್ 21ಕ್ಕ ಅದು 5.53 ಆಗಿರ್ತದ. ಮುಂಜಾನಿದು ಉಲ್ಟಾ, ಸಂಕ್ರಮಣ ಮುಗಿದು ಸಜ್ಜಿ ರೊಟ್ಟಿ ಎಲ್ಲಾ ತಿಂದು ಅರಗಿಸಿದ್ರೂ ಸೂರ್ಯ ಇನ್ನೂ ತಡಾನೇ ಮಾಡ್ತಿರ್ತಾನ, ಜನವರಿ ನಡು ದಾಟಿದ ಮ್ಯಾಲೇ 6.57ರಿಂದ ಹಿಂದ ಬರ್ಲಿಕ್ಕೆ ಸುರು. ಭೂಮಿ ಸುತ್ತೋ ದಾರಿ ಪೂರಾ ಗುಂಡಗಿಲ್ಲ, ಮ್ಯಾಲ ವಾಲಿ ಬ್ಯಾರೆ ಸುತ್ತತದ, ಹಿಂಗಾಗಿ ಸೂರ್ಯನ ಮಧ್ಯಾಹ್ನಕ್ಕೂ ನಮ್ಮ ಗಡಿಯಾರದ ಮಧ್ಯಾಹ್ನಕ್ಕೂ ತಾಳ ಕೂಡಂಗಿಲ್ಲ. ಜನವರಿದಾಗ ಸಾಲಿಗೆ ಹೋಗೋ ಹುಡುಗರು ಏಳಲ್ಲ ಅಂದ್ರ ಅವ್ರದೊಂದೇ ತಪ್ಪಲ್ರಿ.

ಇನ್ನ ಈ ವಾಲಿದ್ದು ಅಂದ್ರೇನು. ಸಾಲ್ಯಾಗ ನಾ ಇದನ್ನ ಮೋಸಂಬಿ ಹಿಡ್ಕೊಂಡು ಹೇಳ್ತಿದ್ದೆ. ಕಿಟಕಿಗೆಲ್ಲ ತಟ್ಟು ಕಟ್ಟಿ ಕ್ಲಾಸ್ ಕತ್ತಲಿ ಮಾಡಿ, ನಡು ಟೇಬಲ್ ಮ್ಯಾಲ ಒಂದು ಬಲ್ಬ್. ಮೋಸಂಬಿ ಮ್ಯಾಲ ಪೆನ್ನಿಲೆ ಮೂರು ಬಳಿ ಬರಿಯೋದು, ಸೊಂಟಕ್ಕೊಂದು, ಅದರ ಮ್ಯಾಲೊಂದು, ತೊಟ್ಟಿನ ಹತ್ರ ಒಂದು. ತೊಟ್ಟು ಬಲ್ಬ್ ಕಡೆ ಜರಾ ವಾಲಿಸಿ ಹಿಡ್ದ್ರ ಏನು ಕಾಣ್ತದ? ಸೊಂಟದ ಬಳಿ ಬರೋಬ್ಬರಿ ಅರ್ಧ ಬೆಳಕು ಅರ್ಧ ಕತ್ತಲಿ. ನಡುವಿನ ಬಳಿಯಾಗ ಬೆಳಕಿನ ಪಾಲು ಜಾಸ್ತಿ. ತೊಟ್ಟಿನ ಹತ್ರದ ಬಳಿ ಇಡೀ ಬೆಳಕಿನಾಗೇ ಅದ, ಎಷ್ಟು ತಿರುಗಿಸಿದ್ರೂ ಕತ್ತಲಿಗೆ ಹೋಗಂಗೇ ಇಲ್ಲ. ಈಗ ಮೋಸಂಬಿ ಹಿಡ್ಕೊಂಡು ಬಲ್ಬ್ ಸುತ್ತ ನಡಿಬೇಕು, ಇಲ್ಲೇ ಎಲ್ಲಾ ಹುಡುಗರೂ ತಪ್ತಿದ್ರು. ನಡಕೋತ ನಡಕೋತ ತೊಟ್ಟನ್ನ ಬಲ್ಬ್ ಕಡಿಗೇ ತಿರುಗಿಸ್ತಿದ್ರು. ಹಂಗ ಮಾಡಿದ್ರ ವರ್ಷಪೂರ್ತಿ ಬ್ಯಾಸಿಗಿನೇ ಆತಲ್ಲೋ ಮಾರಾಯ, ತೊಟ್ಟು ಯಾವಾಗ್ಲೂ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಕಡಿಗೇ ಇರಬೇಕು, ನೀ ಎಲ್ಲೇ ನಿಲ್ಲು. ಆಚಿ ಕಡೆ ಹೋಗಿ ನಿಂತಾಗ ಅದೇ ತೊಟ್ಟು ಬಲ್ಬಿಗೆ ಬೆನ್ನು ಮಾಡ್ತದ, ತೊಟ್ಟಿನ ಬಳಿ ಇಡೀ ಕತ್ತಲಿ. ಅಷ್ಟೇ ನೋಡ್ರಿ ಪಾಠ. ಪಾಠ ಮುಗಿಯೋದ್ರಾಗ ಮೋಸಂಬಿನೂ ಮುಗಿತಿತ್ತು, ಅದು ಬ್ಯಾರೆ ಮಾತು.

ಸೂರ್ಯ ಹತ್ರ ಬಂದಾಗ ಬ್ಯಾಸಿಗಿ, ದೂರ ಹೋದಾಗ ಚಳಿ ಅಂತ ಓದಿದವ್ರೇ ಹೇಳ್ತಾರ, ಅದು ಸುಳ್ಳು. ನಾವು ಸೂರ್ಯಗ ಎಲ್ಲಕ್ಕಿಂತ ಹತ್ರ ಇರೋದು ಜನವರಿ ಮೊದಲ ವಾರದಾಗ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈದಾಗ 15.2 ಕೋಟಿ.

ನಮ್ಮ ಕಡಿ ಬಿಸಲಿನ ಕಾರಣ ಬ್ಯಾರೆ. ಮೇ 9, 10ರ ಹೊತ್ತಿಗೆ ಮಧ್ಯಾಹ್ನ 12.19ಕ್ಕ ಕಲಬುರಗಿಯಾಗ ಒಂದು ಕೋಲು ನೆಟ್ಟಗ ನಿಲ್ಲಿಸಿ ನೋಡ್ರಿ, ನೆರಳೇ ಇರಂಗಿಲ್ಲ. ಸೂರ್ಯ ಬರೋಬ್ಬರಿ ನೆತ್ತಿ ಮ್ಯಾಲ. ಆಗಸ್ಟ್ ಮೊದಲ ವಾರದಾಗ ಮತ್ತೊಮ್ಮೆ ಹಂಗೇ ಆಗ್ತದ, ಆದ್ರ ಆವಾಗ ಮೋಡ ಇರ್ತಾವ, ಯಾರೂ ಲಕ್ಷ ಕೊಡಂಗಿಲ್ಲ. ಸ್ಟಾಕ್‌ಹೋಮ್ ಮಂದಿಗೆ ಜನ್ಮದಾಗ ಒಮ್ಮೆನೂ ತಮ್ಮೂರಾಗ ಇದು ಕಾಣಂಗಿಲ್ಲ, ಸೂರ್ಯ ಅವ್ರ ನೆತ್ತಿಗೆ ಬರೋದೇ ಇಲ್ಲ. ಹೊತ್ತು ಮುಣಗೋದೂ ಹಂಗೇ. ನಮ್ಮಲ್ಲಿ ಸೂರ್ಯ ಬಾವ್ಯಾಗ ಕಲ್ಲು ಬಿದ್ದಂಗ ಸೀದಾ ಬೀಳ್ತಾನ, ಎಮ್ಮಿ ಕಟ್ಟಿ ಕೈ ತೊಳ್ಕೊಳ್ಳೋದ್ರಾಗ ಕತ್ತಲಿ. ಅವ್ರಲ್ಲಿ ಅಡ್ಡಡ್ಡ ಜಾರಕೋತ ಹೋಗ್ತಾನ, ಜೂನ್‌ದಾಗಂತೂ ಮುಣಗಿದ ಮ್ಯಾಲೂ ಆಕಾಶ ಪೂರಾ ಕಪ್ಪಾಗೋದೇ ಇಲ್ಲ.

ಇನ್ನೂ ಮ್ಯಾಲ ಹೋದ್ರ ಲೆಕ್ಕಾನೇ ತಪ್ತದ. ನಾರ್ವೆ ದೇಶದ ಟ್ರಾಮ್ಸೋ ಅಂತ ಊರು, ನವೆಂಬರ್ ಕೊನಿಗೆ ಸೂರ್ಯ ಹೋದ್ರ ಜನವರಿ ನಡುವಿಗೇ ಮಾರಿ ತೋರಿಸೋದು, ಮತ್ತ ಮೇ 20ರ ಸುಮಾರಿಂದ ಎರಡು ತಿಂಗಳು ಮುಣಗೋದೇ ಇಲ್ಲ. ಅದಕ್ಕೂ ಉತ್ತರಕ್ಕ ಸ್ವಾಲ್ಬಾರ್ಡ್ ದ್ವೀಪದಾಗ ನಮ್ಮ ದೇಶದ್ದೇ ಒಂದು ಕೇಂದ್ರ ಅದ, ಹೆಸರು ಹಿಮಾದ್ರಿ, 2008ರಾಗ ಸುರು ಮಾಡಿದ್ದು. ಮೊದಲ ನಮ್ಮ ವಿಜ್ಞಾನಿಗಳು ಬೆಳಕಿರೋ ತಿಂಗಳದಾಗೇ ಹೋಗಿ ಬರ್ತಿದ್ರು, 2023ರ ಡಿಸೆಂಬರ್‌ದಾಗ ಪೂರಾ ಕತ್ತಲಿ ಕಾಲದಾಗೂ ಹೋಗ್ಲಿಕ್ಕೆ ಸುರು ಮಾಡ್ಯಾರ, ಆ ಮೊದಲ ತಂಡದಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವ್ರೂ ಇದ್ರು. ಉತ್ತರ ಧ್ರುವಕ್ಕಂತೂ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ. ನಮ್ಮ ಹಿರೇರು ದೇವರಿಗೆ ಆರು ತಿಂಗಳು ಹಗಲು ಅಂತ ಹೇಳ್ತಿದ್ರಲ್ಲ, ಅದು ಬರೇ ಕತಿ ಅಲ್ರಿ, 499ರ ಸುಮಾರಿನ ಆರ್ಯಭಟ ತನ್ನ ಲೆಕ್ಕದಾಗ ಮೇರುವಿನ ಮ್ಯಾಲಿನ ದೇವರಿಗೆ ಸೂರ್ಯ ಅರ್ಧ ವರ್ಷ ಕಾಣ್ತಾನ ಅಂತ ಬರ್ದಿಟ್ಟಾನ. ಕುಂತಲ್ಲೇ ಕುಂತು ಆ ಹಿಸಾಬ್ ಹಚ್ಚಿದ್ದು ನೋಡಿದ್ರ ನನಗ ಇವತ್ತಿಗೂ ಮೈ ಜುಮ್ ಅಂತದ.

ಒಂದು ಮಜಾ ಏನಪಾ ಅಂದ್ರ, ವರ್ಷದ ಲೆಕ್ಕ ಕೂಡಿಸಿದ್ರ ದುನಿಯಾದಾಗ ಯಾವ ಊರಿಗೂ ಹೆಚ್ಚುಕಮ್ಮಿ ಅಷ್ಟೇ ಹಗಲು ಸಿಗ್ತದ. ನಮಗ ದಿನಗೂಲಿ, ಅವ್ರಿಗೆ ವರ್ಷಕ್ಕೊಮ್ಮೆ ಗುತ್ತಿಗಿ ರೊಕ್ಕ, ಬಂದ್ರ ಗಂಟು ಗಂಟೇ, ಇಲ್ಲಂದ್ರ ಖಾಲಿ ಕಿಸೆ.

ಆದ್ರ ಕತ್ತಲಿಗೆ ಯಾವಾಗ್ಲೂ ಭೂಮಿನೇ ಕಾರಣ ಅಂತೇನಿಲ್ಲ. ನಾರ್ವೆದಾಗೇ ರ್ಯೂಕಾನ್ ಅಂತ ಒಂದು ಊರದ, ಎತ್ತರ ಎತ್ತರ ಗುಡ್ಡದ ನಡುವಿನ ಕಣಿವ್ಯಾಗ. ಅಲ್ಲಿ ಚಳಿಗಾಲದಾಗ ಸೂರ್ಯ ಹುಟ್ತಾನ, ಆದ್ರ ಗುಡ್ಡ ಅಡ್ಡ, ಸೆಪ್ಟೆಂಬರ್ ಕೊನಿಯಿಂದ ಮಾರ್ಚ್ ತನಕ ಊರಿಗೆ ಬಿಸಲು ಬೀಳಂಗಿಲ್ಲ. ಅವ್ರೇನು ಮಾಡ್ಯಾರ ಅಂದ್ರ 2013ರಾಗ ಗುಡ್ಡದ ಮ್ಯಾಲ ಮೂರು ದೊಡ್ಡ ಕನ್ನಡಿ ನಿಲ್ಲಿಸ್ಯಾರ, ಅವು ಸೂರ್ಯನ ಬೆನ್ನ ಹತ್ತಿ ತಿರುಗಿ ಊರ ನಡುವಿನ ಚೌಕಿಗೆ ಬಿಸಲು ಬಿಡ್ತಾವ. ಮಂದಿ ಖುರ್ಚಿ ಹಾಕ್ಕೊಂಡು ಬಿಸಲಿಗೆ ಕೂಡ್ತಾರ. ನಾವು ಏಪ್ರಿಲ್ ಮೇದಾಗ ಟಾವೆಲ್ ತಲಿಗೆ ಸುತ್ಕೊಂಡು ನೆರಳು ಹುಡುಕೋ ಮಂದಿ, ಬಿಸಲಿಗೆ ರೊಕ್ಕ ಖರ್ಚು ಮಾಡ್ತಾರಂದ್ರ ನಂಬ್ಲಿಕ್ಕೇ ಆಗಂಗಿಲ್ಲ.

ದರ್ಗಾ ಕಡೆ ಇರೋ ನಮ್ಮ ದೋಸ್ತ, ಅವನೂ ಮಾಸ್ತರೇ, ಟ್ರಾಮ್ಸೋ ಮಾತು ಕೇಳಿದ ಕೂಡ್ಲೇ ಕೇಳಿದ್ದು, ಹಂಗಾದ್ರ ಅಲ್ಲಿ ರೋಜಾ ಹೆಂಗ? ಹೊತ್ತು ಮುಣಗಿದ ಮ್ಯಾಲ ಬಿಡಬೇಕು, ಮುಣಗೋದೇ ಇಲ್ಲಂದ್ರ? ರಂಜಾನ್ ಬ್ಯಾರೆ ವರ್ಷಕ್ಕ ಸುಮಾರು 11 ದಿನ ಹಿಂದ ಸರೀತದ, ಒಮ್ಮೊಮ್ಮೆ ನಡು ಬ್ಯಾಸಿಗ್ಯಾಗೇ ಬರ್ತದ. ಖರೇ ಪ್ರಶ್ನಿ. ಟ್ರಾಮ್ಸೋದಾಗ ಭಾಳ ಮಂದಿ ಮಕ್ಕಾದ ಟೈಮ್ ಹಿಡೀತಾರ, ಮಕ್ಕಾದಾಗ ಹೊತ್ತು ಮುಣಗೋ ಹೊತ್ತಿಗೆ ಟ್ರಾಮ್ಸೋದಾಗ ಬಿಸಲಿನಾಗೇ ಇಫ್ತಾರ್. ದೋಸ್ತ ಜರಾ ವಿಚಾರ ಮಾಡಿ, ಛಲೋ ಆತು ಬಿಡು ಅಂದ.

ಇದೆಲ್ಲಾ ದೂರದ ಮಾತಾತು. ನಮ್ಮ ಎರಡು ತಾಸಿನ ಫರಕ್ ಅಂತ ಹೇಳಿದೆನಲ್ಲ, ಯಾರಿಗೂ ಗೊತ್ತಾಗಂಗಿಲ್ಲ ಅಂತ, ಅದು ತಪ್ಪು. ತೊಗರಿಗೆ ಗೊತ್ತಾಗ್ತದ.

ನಮ್ಮ ಹೊಲ ಹುಮನಾಬಾದ್ ಕಡೆ ರೋಡಿಗೆ ಹಚ್ಚೇ ಅದ. ಕೆಲವು ವರ್ಷದ ಹಿಂದ ಅಲ್ಲೊಂದು ದೊಡ್ಡ ಕಂಬ ನಿಲ್ಲಿಸಿ ಲೈಟ್ ಹಾಕಿದ್ರು, ರಾತ್ರಿಯೆಲ್ಲ ಹಾಲು ಚೆಲ್ಲಿದಂಗ ಬೆಳಕು. ಆ ವರ್ಷ ಸೋಯಾ ಹಾಕಿದ್ವಿ. ದಸರಾ ಹೊತ್ತಿಗೆ ಕೊಯ್ಲಿಗೆ ಹೋಗಿ ನೋಡ್ತೀನಿ, ಇಡೀ ಹೊಲ ಹಣ್ಣಾಗಿ ಎಲಿ ಉದುರಿ ಕಾಯಿ ಗಲಗಲ ಅಂತಾವ, ಕಂಬದ ಬುಡಕ್ಕ ಮಾತ್ರ ಅರ್ಧ ಚಂದ್ರನಂಗ ಹಸರ ಹಸರ, ಸೊಂಟದ ಮಟ ಗಿಡ, ಹುಡುಕಿದ್ರ ನಾಕು ಜೊಳ್ಳ ಕಾಯಿ. ನಮ್ಮ ತಮ್ಮ ಗೊಬ್ಬರ ಜಾಸ್ತಿ ಬಿದ್ದದ ಅಂದ, ಅವ್ವ ಯಾರ್ದೋ ಕಣ್ಣು ಬಿದ್ದದ ಅಂದ್ಳು. ಬಿದ್ದದ್ದು ಲೈಟು.

ಗಿಡ ರಾತ್ರಿ ಎಷ್ಟುದ್ದ ಅದ ಅಂತ ಎಣಸ್ತದ್ರಿ. ಅಮೆರಿಕಾದ ಗಾರ್ನರ್ ಮತ್ತ ಅಲ್ಲಾರ್ಡ್ ಅಂತ ಇಬ್ಬರು 1920ರಾಗ ಇದನ್ನ ಬರ್ದು ತೋರಿಸಿದ್ರು. ಅವ್ರು ಸೋಯಾನ ಬ್ಯಾರೆ ಬ್ಯಾರೆ ವಾರ ಬಿತ್ತಿದ್ರೂ ಹೂವು ಬಿಡೋದು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ, ಯಾಕಿರಬೇಕು ಅಂತ ಗಿಡ ಒಯ್ದು ಹಗಲೇ ಕತ್ತಲಿ ಗೂಡಿನಾಗಿಟ್ಟು ನೋಡಿದ್ರು, ರಾತ್ರಿ ಉದ್ದ ಆತು ಅಂತ ತಿಳಿದು ಗಿಡ ಹೂವು ಬಿಡ್ತು. ನಮ್ಮ ತೊಗರಿನೂ ಅದೇ ಜಾತಿ. ಮಿರಗದಾಗ ಬಿತ್ತಿದ್ರ ಉದ್ದ ಹಗಲಿನಾಗ ಸುಮ್ನ ಬೆಳ್ಕೋತ ಹೋಗ್ತದ, ದಸರಾ ದೀಪಾವಳಿಗೆ ರಾತ್ರಿ ಉದ್ದ ಆದಂಗ ಆದಂಗ ಹಳದಿ ಹೂವು. ತಡ ಮಾಡಿ ಬಿತ್ತಿದ್ರ ಬೆಳಿಲಿಕ್ಕೆ ಟೈಮೇ ಸಿಗಂಗಿಲ್ಲ, ಮೊಣಕಾಲ ಮಟ ಇರ್ತಲೇ ಹೂವಿಗೆ ಬರ್ತದ. 2019ರಾಗ ಭೌಗೋಳಿಕ ಗುರುತು ಸಿಕ್ಕ ನಮ್ಮ ಕಲಬುರಗಿ ತೊಗರಿಬ್ಯಾಳಿ, ಅದರ ಹಿಂದ ಈ ಎರಡು ತಾಸಿನ ಹಿಸಾಬೂ ಅದ. ಹೈದ್ರಾಬಾದ್ ಹತ್ರದ ಪಟಾಂಚೆರುವಿನಾಗ ಇಕ್ರಿಸ್ಯಾಟ್ ಅಂತ ಬೆಳಿ ಸಂಶೋಧನಾ ಸಂಸ್ಥೆ ಅದ, ಅಲ್ಲಿ ರಾತ್ರಿ ಲೆಕ್ಕ ಕೇಳದ ಲಗೂನ ಬರೋ ತೊಗರಿ ತಳಿನೂ ಮಾಡ್ಯಾರ, ಹಂಗಾದ್ರ ದೂರ ಉತ್ತರದಾಗೂ ಬೆಳಿಬಹುದು ಅಂತ. ಮುಂದೊಂದ್ ದಿನ ನಮ್ಮಳಿಯಗ ಅಲ್ಲೇ ಬ್ಯಾಳಿ ಸಿಗಬಹುದು, ರುಚಿ ನಮ್ಮದೇ ಇರ್ತದೋ ಇಲ್ಲೋ ಹೇಳಂಗಿಲ್ಲ.

ಆ ಅಳಿಯ ಜೂನ್‌ದಾಗ ಮತ್ತ ಫೋನ್ ಮಾಡ್ದ. ನಮ್ಮಲ್ಲಿ ರಾತ್ರಿ 10, ಅವನಲ್ಲಿ ಸಂಜಿ ಆರೂವರಿ, ಕಿಟಕ್ಯಾಗ ಕಣ್ಣು ಕುಕ್ಕೋ ಬಿಸಲು. ಹೊತ್ತು ಮುಣಗೋದು ರಾತ್ರಿ 10ರ ಮ್ಯಾಲ ಅಂದ. ಅವ್ವ ಆರು ತಿಂಗಳ ಹಿಂದಿನ ಮಾತು ಮರ್ತಿರಲಿಲ್ಲ.

"ನಿಮ್ಮಲ್ಲಿ ಸೂರ್ಯಗ ನೆಟ್ಟಗಿಲ್ಲಪಾ. ಇಲ್ಲಿ ನಾ ದೀಪ ಹಚ್ಚಿದಾಗ ಅಲ್ಲಿ ನೀ ಹಚ್ಚು" ಅಂದ್ಳು.

"ಆಯಿ, ಆವಾಗ ನನಗ ಮಧ್ಯಾಹ್ನ ಮೂರೂವರಿ, ಆಫೀಸಿನಾಗ ಇರ್ತೀನಿ."

"ಆಫೀಸಿನಾಗ ಕರೆಂಟ್ ಇಲ್ಲೇನು? ಟೇಬಲ್ ಮ್ಯಾಲಿಂದು ಒಂದ್ ಲೈಟರೆ ಹಚ್ಚು" ಅಂದು ಫೋನ್ ನನ್ನ ಕೈಗೆ ಕೊಟ್ಟು ಮಲ್ಕೊಳ್ಳಿಕ್ಕೆ ಹೋದ್ಳು.

ನಮಸ್ಕಾರ್ರಿ.