ಕಾಲಿಗೆ ಹಾಸಿಗೆ ಕಟ್ಕಂಡು

ಪಚಕ್ ಪಚಕ್ ಅಂತ ಕೇಳ್ತಿದೆಯಲ್ಲ, ಅದು ನನ್ನ ಶೂ. ನಿನ್ನೆ ನೆನೆದದ್ದು. ತೀರ್ಥಹಳ್ಳಿ ಕಡೆ ಜುಲೈನಲ್ಲಿ ದಪ್ಪ ಫೋಮಿನ ಶೂ ಒಣಗಲ್ಲ ಬಿಡಿ. ಒಂದ್ಸಲ ಬಚ್ಚಲ ಒಲೆ ಪಕ್ಕ ಇಟ್ಟಿದ್ದೆ, ಬೆಳಿಗ್ಗೆ ನೋಡಿದ್ರೆ ಅಟ್ಟೆ ಬಾಯಿ ಬಿಟ್ಟುಕೊಂಡಿತ್ತು.

ನನಗೆ ಬರಿಗಾಲ ಓಟದ ಹುಚ್ಚು ಹತ್ತಿಸಿದ್ದು ನಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸೋ ಕೊನೆಗೌಡ್ರು. ಹೋದ ವರ್ಷ ಅಡಿಕೆ ಕೊಯ್ಲಿಗೆ ಬಂದವರು ನನ್ನ ಶೂ ಹಿಸುಕಿ ನೋಡಿ, "ಎಂತ ಮಾರಾಯ, ಕಾಲಿಗೆ ಹಾಸಿಗೆ ಕಟ್ಕಂಡು ಓಡ್ತೀಯಲ?" ಅಂದ್ರು. ಅವರ ಪಾದ ನೋಡಿದೆ. ಬೆರಳೆಲ್ಲ ಬೀಸಣಿಗೆ ಥರ ಬಿಚ್ಚಿಕೊಂಡಿದ್ವು. ನನ್ನದು ಶೂ ಒಳಗಿನ ಆಕಾರಕ್ಕೇ ಬಂದುಬಿಟ್ಟಿದೆ.

ಅವತ್ತು ರಾತ್ರಿ ಅಬೆಬೆ ಬಿಕಿಲಾ ಬಗ್ಗೆ ಓದಿದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಈ ಮನುಷ್ಯ ಬರಿಗಾಲಲ್ಲಿ ಇಡೀ ಮ್ಯಾರಥಾನ್ ಓಡಿ ಚಿನ್ನ ಗೆದ್ದ. 2 ಗಂಟೆ 15 ನಿಮಿಷ. 1964ರಲ್ಲಿ ಟೋಕಿಯೊದಲ್ಲಿ ಅದೇ ಬಿಕಿಲಾ ಶೂ ಹಾಕಿಕೊಂಡು 2 ಗಂಟೆ 12 ನಿಮಿಷಕ್ಕೆ ಮುಗಿಸಿ ಮತ್ತೆ ಗೆದ್ದ. ಈ ಎರಡನೇ ಸಂಗತಿ ಬೇಕಂತಲೇ ಮರೆತೆ.

ಮರುದಿನವೇ ಟಾರ್ ರಸ್ತೆ ಮೇಲೆ ಬರಿಗಾಲಲ್ಲಿ 5 ಕಿಲೋಮೀಟರ್. ಆಹಾ, ಹಗುರ! ಅದರ ಮರುದಿನ ಮೆಟ್ಟಿಲನ್ನ ಹಿಂದುಮುಂದಾಗಿ ಇಳಿದೆ. ಮೀನಖಂಡ ಕಲ್ಲಾಗಿತ್ತು.

ಆಗಿದ್ದಿಷ್ಟೇ. ಮೆತ್ತನೆ ಶೂ ಇದ್ದಾಗ ಹಿಮ್ಮಡಿ ಊರಿ ಓಡ್ತಿದ್ದೆ. ಬರಿಗಾಲಲ್ಲಿ ಹಾಗೆ ಊರಿದ್ರೆ ತಲೆವರೆಗೂ ಜುಂ ಅನ್ನುತ್ತೆ, ಅದಕ್ಕೆ ದೇಹ ತಾನಾಗೇ ಮುಂಗಾಲು ಊರೋಕೆ ಶುರು ಮಾಡುತ್ತೆ, ಹೆಜ್ಜೆ ಗಿಡ್ಡ ಆಗುತ್ತೆ. ಮಂಡಿಗೆ ಆರಾಮ, ಆದರೆ ಆ ಭಾರ ಮೀನಖಂಡಕ್ಕೂ ಹಿಮ್ಮಡಿ ಮೇಲಿನ ಸ್ನಾಯುರಜ್ಜಿಗೂ ಬೀಳುತ್ತೆ. ನನ್ನ ಶೂನಲ್ಲಿ ಹಿಮ್ಮಡಿ ಕಡೆ 10 ಮಿಲಿಮೀಟರ್ ಎತ್ತರ. ವರ್ಷಗಟ್ಟಲೆ ಅದರ ಮೇಲೆ ನಿಂತ ಕಾಲಿಗೆ ಒಂದೇ ದಿನ 5 ಕಿಲೋಮೀಟರ್ ಕೊಟ್ಟರೆ ಇನ್ನೇನಾಗುತ್ತೆ?

ಈಗ ವಾರಕ್ಕೆರಡು ದಿನ, ಶಿವಮೊಗ್ಗಕ್ಕೆ ಹೋದಾಗ, ಹುಲ್ಲಿನ ಮೇಲೆ ಬರಿಗಾಲಲ್ಲಿ ಹತ್ತೇ ನಿಮಿಷ. ಟಾರಿಗೆ ಶೂ. ರಕ್ತ ಹೀರೋ ಇಂಬಳದ (ಜಿಗಣೆ) ವಿಷಯದಲ್ಲಿ ಮಾತ್ರ ನನ್ನ ಓಟು ಬರಿಗಾಲಿಗೇ. ಹತ್ತಿದ್ದು ಕಣ್ಣಿಗಾದರೂ ಕಾಣುತ್ತೆ. ಶೂ ಇದ್ರೆ ಸಾಕ್ಸ್ ಕೆಂಪಾದ ಮೇಲೇ ಗೊತ್ತಾಗೋದು.

ಅಗೋ, ಕೊನೆಗೌಡ್ರು ಕೊಳೆರೋಗದ ಮದ್ದು ಹೊಡೆಯೋಕೆ ಬಂದ್ರು. ಕಾಲು ನೋಡಿ, ಪ್ಲಾಸ್ಟಿಕ್ ಶೂ! ಟಾರ್ ರಸ್ತೆಯಿಂದ ಹಾಕಿಕೊಂಡೇ ಬಂದಿದ್ದಾರೆ. ಮರದ ಬುಡದಲ್ಲಿ ಬಿಚ್ಚಿ, ನೀರು ಕೊಡವಿ, ನನ್ನ ಶೂ ಪಕ್ಕ ಇಟ್ಟು ಸರಸರ ಮೇಲೆ ಹತ್ತಿದ್ರು. ಅವರದು ಅಷ್ಟಕ್ಕೇ ಒಣಗಿತು. ನನ್ನದು ಹಿಂಡಿದ್ರೆ ಇನ್ನೂ ನೀರು ಬರ್ತಿದೆ.